ಹಸ್ತದ ಚುಕ್ಕೆ ಕಾಣದ ಏಳು ದಿನ

ಗದಗಿನಿಂದ ಕೊಪ್ಪಳಕ್ಕೆ ರೈಲಿನಲ್ಲಿ ಮೂರು ತಾಸು ಕೂಡ ಹಿಡಿಯುವುದಿಲ್ಲ. ಆದರೂ ಹೊರಡುವ ಹಿಂದಿನ ದಿನ ನಾನು ಮೃತ್ಯುಪತ್ರ ಬರೆಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ ಮುಗಿಸಿದ್ದೆ. ಯುದ್ಧದ ಸುದ್ದಿ ಬಂದು ಒಂದು ತಿಂಗಳಾಗಿತ್ತು. ಹೋಗಬೇಕಾದದ್ದು ನಿಜಾಮರ ಸೀಮೆಗೆ. ಸಾಲದ್ದಕ್ಕೆ ಪಿತೃಪಕ್ಷ. ಈ ಹದಿನೈದು ದಿನ ಸತ್ತವರು ತಿರುಗಾಡುವ ಹೊತ್ತು, ಇದ್ದವರು ಮನೆಯಲ್ಲಿರಬೇಕು ಎಂದು ಅವ್ವ ಎರಡು ಹೊತ್ತೂ ಹೇಳಿದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದೆ. ನಂಬದವನು ಹೆದರಬಾರದೆಂದು ಎಲ್ಲಿಯೂ ಬರೆದಿಲ್ಲವಲ್ಲ. ಒಳಗೊಳಗೆ ಹೆದರಿಯೇ ಇದ್ದೆ.

ಕರೆದವರು ಕೊಪ್ಪಳದ ಭೀಮರಾವ್ ವಕೀಲರು, ಧಾರವಾಡದಲ್ಲಿ ನನ್ನ ಜೊತೆ ಓದಿದವರು. ನನ್ನ ಹತ್ತಿರ ಒಂದು ಹಿತ್ತಾಳೆಯ ದುರ್ಬೀನು ಇದೆ. ರೈಲ್ವೆಯ ದೊರೆಯೊಬ್ಬ ವಿಲಾಯತಿಗೆ ಮರಳುವಾಗ ಸಾಮಾನು ಹರಾಜು ಹಾಕಿದ್ದ, ಆಗ ಕೊಂಡದ್ದು. ಅದನ್ನು ತಂದು ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಈ ನಾಲ್ಕೂ ಕಡೆಯ ಜನರಿಗೆ ಒಂದು ವಾರ ಚುಕ್ಕೆ ತೋರಿಸಬೇಕೆಂದು ವಕೀಲರ ಹಟ. ಮುಂಗಾರು ಮುಗಿದು ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಸಂಜೆಗೆ ಚಂದ್ರನ ಕಾಟವೂ ಇಲ್ಲ, ಬಾ ಎಂದು ಮೂರು ಕಾಗದ ಬರೆದಿದ್ದರು. ಮೂರನೆಯದಕ್ಕೆ ನಾಚಿಕೆಯಾಗಿ ಒಪ್ಪಿಕೊಂಡೆ.

ಬನ್ನಿಕೊಪ್ಪ, ಭಾನಾಪುರ ದಾಟಿ ಮಧ್ಯಾಹ್ನ ಕೊಪ್ಪಳದಲ್ಲಿ ಇಳಿದೆ. ಸುಂಕದ ನಾಕಾದವರು ಚೀಲ ಬಿಚ್ಚಿಸಿದರು. ಅಲ್ಲಿನ ಗುಮಾಸ್ತ ದುರ್ಬೀನನ್ನು ಎರಡೂ ತುದಿಯಿಂದ ನೋಡಿ, ಇದರಲ್ಲಿ ಗುಂಡು ಎಲ್ಲಿ ತುಂಬುತ್ತಾರೆ ಎಂದು ಕೇಳಿದ. ಆತ ತಮಾಷೆ ಮಾಡಿದನೋ ನಿಜವಾಗಿ ಕೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಅಂಗಿಯಂತೂ ಬೆನ್ನಿಗೆ ಅಂಟಿಕೊಂಡಿತು. ವಕೀಲರು ಬಂದು ಉರ್ದುವಿನಲ್ಲಿ ಎರಡು ಮಾತಾಡಿ ಬಿಡಿಸಿಕೊಂಡು ಹೋದರು.

ಆ ಸೀಮೆಯಲ್ಲಿ ಆಗ ಜನ ಕೂಡಬೇಕಾದರೆ ಕಚೇರಿಯ ಅಪ್ಪಣೆ ಬೇಕು. ವಕೀಲರು ಅರ್ಜಿ ಬರೆದು, ಇದು ಸಭೆಯಲ್ಲ, ನಕ್ಷತ್ರ ನೋಡುವುದಷ್ಟೇ ಎಂದು ತಿಳಿಸಿ ಅಪ್ಪಣೆ ತಂದಿದ್ದರು. ಅದರಲ್ಲೊಂದು ಕಟ್ಟಳೆ ಇತ್ತು. ಚುಕ್ಕೆಯ ಹೆಸರು ಹೇಳಬಹುದು, ಭಾಷಣ ಮಾಡಬಾರದು. ಅದನ್ನು ನೋಡಿಕೊಳ್ಳಲು ಇಮಾಮಸಾಬ ಎಂಬ ಜವಾನ ವಾರವಿಡೀ ನನ್ನ ಜೊತೆ ಬರತಕ್ಕದ್ದು. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮೊದಲ ದಿನ ಅವನ ಬೂಟಿನ ಸಪ್ಪಳ ಕೇಳಿದರೆ ಸಾಕು, ನನಗೆ ಗುರುವಿನ ಉಪಗ್ರಹಗಳ ಹೆಸರೂ ಮರೆತುಹೋಗುತ್ತಿತ್ತು.

ಕೊಪ್ಪಳದಲ್ಲಿ ವಕೀಲರ ಮಾಳಿಗೆಯ ಮೇಲೆ ದುರ್ಬೀನು ಹೂಡಿದೆವು. ಮೂಡಲಿಗೆ ಗುರು ಬೆಳ್ಳಗೆ ಎದ್ದಿದ್ದ, ಅವನ ಸುತ್ತ ನಾಲ್ಕು ಚಂದ್ರರು ದಾರದಲ್ಲಿ ಪೋಣಿಸಿದ ಹಾಗೆ ಕಂಡರು. ಜನ ಸಾಲು ಹಚ್ಚಿ ನೋಡಿದರು. ತೆಂಕಲಿಗೆ ಅಂಗಾರಕ ಕೆಂಡದ ಹಾಗಿದ್ದ. ಅವನನ್ನು ನೋಡಿ ಯಾರೋ ಯುದ್ಧದ ಮಾತು ತೆಗೆದರು, ಇಮಾಮಸಾಬ ಕೆಮ್ಮಿದ, ಮಾತು ಅಲ್ಲಿಗೇ ನಿಂತಿತು. ತಾಸು ಕಳೆದ ಮೇಲೆ ಶನಿ ಎದ್ದಾಗ, ಬಳೆ ತೊಟ್ಟ ಗ್ರಹ, ಬಂದು ನೋಡಿರಿ ಎಂದು ಕರೆದೆ. ಒಬ್ಬರೂ ಬರಲಿಲ್ಲ. ಅಷ್ಟು ದೂರದಲ್ಲಿದ್ದೇ ಕಾಡುವವನನ್ನು ಕೊಳವೆ ಹಚ್ಚಿ ಹತ್ತಿರ ಕರೆಯುವುದು ಯಾತಕ್ಕೆ ಎಂದು ಒಬ್ಬ ಅಜ್ಜ ಮೆಟ್ಟಿಲು ಇಳಿದೇ ಬಿಟ್ಟ. ವಕೀಲರು ನಕ್ಕರು, ನಾನೂ ನಕ್ಕೆ. ಆಮೇಲೆ ನಾನು ಶನಿಯನ್ನು ನೋಡಲಿಲ್ಲ ಎಂಬುದನ್ನು ಅವರು ಗಮನಿಸಲಿಲ್ಲ.

ಮರುದಿನ ಮೋಟಾರಿನಲ್ಲಿ ಎಂಟಾಣೆ ಕೊಟ್ಟು ಕುಕನೂರಿಗೆ ಹೋಗಿ, ಅಲ್ಲಿಂದ ಚಕ್ಕಡಿಯಲ್ಲಿ ಇಟಗಿಗೆ ಹೋದೆವು. ಹಿಂದಿನ ದಿನವಷ್ಟೇ ಹಸ್ತ ಮಳೆ ಬಿದ್ದಿತ್ತು. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಎತ್ತುಗಳು ತೇಕುತ್ತಿದ್ದವು. ಹಿಂಗಾರಿಯ ಬಿಳಿಜೋಳ ಬಿತ್ತಲು ಇದಕ್ಕಿಂತ ಒಳ್ಳೆಯ ಹಸಿ ಇಲ್ಲವೆಂದು ಚಕ್ಕಡಿಯವನು ದಾರಿಯುದ್ದಕ್ಕೂ ಹೇಳಿದ. ನೆಲ ಒಂದಿಷ್ಟು ಆರಿದ ಕೂಡಲೇ ಬಿತ್ತಬೇಕು, ತಡವಾದರೆ ಹಸಿ ಕೆಳಕ್ಕೆ ಇಳಿದು ಬೀಜಕ್ಕೆ ಎಟುಕುವುದಿಲ್ಲ. ಐದಾರು ದಿನಕ್ಕಿಂತ ಹೆಚ್ಚು ಕಾಲ ಇರುವುದಿಲ್ಲವಂತೆ.

ಇಟಗಿಯಲ್ಲಿ ಮಹಾದೇವನ ಗುಡಿಯ ಮುಂದಿನ ಬಯಲಿನಲ್ಲಿ ಊರಿಗೆ ಊರೇ ಕೂಡಿತ್ತು. ಗುರುವನ್ನು ಎಲ್ಲರೂ ನೋಡಿ ಮುಗಿದ ಮೇಲೆ ಒಬ್ಬ ಮುದುಕಿ ಮುಂದೆ ಬಂದಳು. ಎಪ್ಪತ್ತರ ಮೇಲಿನ ವಯಸ್ಸು, ನೆಟ್ಟಗಿನ ಬೆನ್ನು. ಜನ ಅವಳಿಗೆ ದಾರಿ ಬಿಟ್ಟದ್ದು ನೋಡಿ ಯಾರೆಂದು ಕೇಳಿದೆ. ನೀಲವ್ವ, ಈ ಊರಿನಲ್ಲಿ ಹಿಂಗಾರಿಯ ಮೊದಲ ಮುಟಿಗೆ ಬೀಜ ಅವಳ ಕೈಯದು ಎಂದರು. ಅವಳು ಮೂರು ಸಾಲು ಬಿತ್ತುವ ಕೂರಿಗೆಯ ಬಟ್ಟಲಿಗೆ ಜೋಳ ಹಾಕಿದ ಮೇಲೆಯೇ ಬೇರೆಯವರ ಕೂರಿಗೆ ಹೊಲಕ್ಕೆ ಇಳಿಯಬೇಕು. ಅವಳ ಅತ್ತೆಯ ಕಾಲದಿಂದ ನಡೆದು ಬಂದದ್ದು, ಒಮ್ಮೆಯೂ ಮೀರಿದವರಿಲ್ಲ.

"ಹಸ್ತಿ ಮಳಿ ನಂಬಿ ಐವತ್ತು ವರ್ಸ ಬಿತ್ತೇನ್ರಿ ಮಾಸ್ತರ," ಎಂದಳು ನೀಲವ್ವ. "ಅದರ ಚುಕ್ಕಿ ಮಾರಿ ಒಮ್ಮೆರ ನೋಡಿಲ್ಲ. ನಿಮ್ಮ ಕೊಳವ್ಯಾಗ ಕಾಣತೈತೇನ್ರಿ?"

ನಾನು ಹುಡುಗರಿಗೆ ಪ್ರತಿ ಬೇಸಿಗೆಯಲ್ಲೂ ಹಸ್ತವನ್ನು ತೋರಿಸುವವನು. ಐದು ಚುಕ್ಕೆ, ಚಾಚಿದ ಕೈಯ ಹಾಗೆ. ಅದರ ಚಿತ್ರ ನನ್ನ ಕಣ್ಣಲ್ಲೇ ಇದೆ. ಆ ಹೊತ್ತಿಗೆ ಪಡುವಲಿಗೆ ಮೋಡ ಕವಿದಿತ್ತು, ಇಲ್ಲದಿದ್ದರೆ ಆಗಲೇ ತೋರಿಸಿಬಿಡುತ್ತಿದ್ದೆ ಎಂಬ ಜಂಬದಿಂದ, ನಾಳೆ ಸಂಜೆ ತೋರಿಸುತ್ತೇನೆ ಎಂದೆ. ಹಾಗಾದರೆ ಚುಕ್ಕೆಯ ಮುಖ ನೋಡಿಯೇ ಬಿತ್ತುತ್ತೇನೆ, ಒಂದು ದಿನದಲ್ಲಿ ಏನೂ ಆಗುವುದಿಲ್ಲ ಎಂದು ನೀಲವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. ಜನ ತಲೆಯಾಡಿಸಿದರು. ನನಗೆ ಹೆಮ್ಮೆಯಾಯಿತು. ಆ ವಾರದಲ್ಲಿ ನಾನು ಹೆದರಿಕೆಯಿಲ್ಲದೆ ಮಲಗಿದ್ದು ಆ ಒಂದು ರಾತ್ರಿ ಮಾತ್ರ.

ಮಾರನೆಯ ಸಂಜೆ ಮೋಡದ ಚೂರೂ ಇರಲಿಲ್ಲ. ಹೊತ್ತು ಮುಳುಗುತ್ತಲೇ ದುರ್ಬೀನನ್ನು ಪಡುವಲಿಗೆ ತಿರುಗಿಸಿ ಕೂತೆ. ಸ್ವಾತಿ ಕಂಡಿತು. ಅದರ ಕೆಳಗೆ ಚಿತ್ತಾ ಇರಬೇಕು, ಕಾಣಲಿಲ್ಲ. ಅದರಾಚೆ ಹಸ್ತ ಇರಬೇಕು, ಅಲ್ಲಿ ಬರೀ ಸಂಜೆಗೆಂಪು. ಕೆಂಪು ಆರಲಿ ಎಂದು ಕಾದೆ. ಆರುವ ಹೊತ್ತಿಗೆ ಸ್ವಾತಿಯೂ ಮುಳುಗಲು ಹೋಯಿತು. ಮೂಡಲಿಗೆ ತಿರುಗಿಸಿದೆ, ತೆಂಕಲಿಗೆ ತಿರುಗಿಸಿದೆ. ಐದು ಚುಕ್ಕೆಯ ಕೈ ಆಕಾಶದಲ್ಲಿ ಎಲ್ಲಿಯೂ ಇಲ್ಲ. ಹನ್ನೊಂದು ವರ್ಷ ನಾನು ಕಲಿಸಿದ ನಕ್ಷತ್ರ ಕಾಣೆಯಾಗಿತ್ತು.

ಹಿಂದೆ ಜನ ಉಸಿರು ಬಿಗಿಹಿಡಿದು ಕೂತಿದ್ದರು. ನಾನು ಎದ್ದು ಏನೋ ಹೇಳಲು ಬಾಯಿ ತೆರೆದೆ. ಭಾಷಣ ಬೇಡ ಸಾಹೇಬರೇ ಎಂದು ಇಮಾಮಸಾಬ ಮೆಲ್ಲಗೆ ಅಂದ. ನಿಜ ಹೇಳಬೇಕೆಂದರೆ ಅವನ ಕಟ್ಟಳೆ ಆಗ ನನ್ನ ಮಾನ ಕಾಯಿತು, ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಕಾಣಲೊಲ್ಲದು ಎಂದಷ್ಟೇ ಹೇಳಿದೆ. ಆ ಮಾತು ಹಿಂದಿನ ಸಾಲಿಗೆ ಮುಟ್ಟುವಷ್ಟರಲ್ಲಿ ಹಸ್ತಿ ಈ ವರ್ಷ ಹುಟ್ಟೇ ಇಲ್ಲವಂತೆ ಎಂದಾಗಿತ್ತು. ಒಬ್ಬ ಹೆಂಗಸು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋದಳು.

"ಬರಲಾರದ ಮಳಿಗೆ ಬೀಜ ಹಾಕಬಾರದು," ಎಂದಳು ನೀಲವ್ವ. "ಮೊನ್ನೆ ಬಿದ್ದದ್ದು ಯಾವ ಮಳಿಯೋ ಏನೋ. ಚುಕ್ಕಿ ಬರಲಿ, ತಡೀರಿ."

ನಾಲ್ಕನೆಯ ದಿನ ಬೆಳಿಗ್ಗೆ ಚಕ್ಕಡಿ ಹತ್ತುವಾಗ ನೋಡಿದೆ. ಮನೆ ಮನೆಯ ಗೋಡೆಗೂ ಕೂರಿಗೆ ಒರಗಿಸಿದ್ದರು. ಎತ್ತುಗಳು ಗೋದಲಿಯಲ್ಲೇ ಇದ್ದವು. ಬಿತ್ತಿರಿ, ಚುಕ್ಕೆಯ ಗೊಡವೆ ನಿಮಗೇಕೆ ಎಂದು ಒಂದು ಮಾತು ಕೂಗಿ ಹೇಳಬಹುದಿತ್ತು. ಆದರೆ ಚುಕ್ಕೆ ಎಲ್ಲಿ ಎಂದು ತಿರುಗಿ ಕೇಳಿದರೆ? ತಲೆ ತಗ್ಗಿಸಿ ಕೂತೆ.

ಯಲಬುರ್ಗಾದಲ್ಲಿ ಸಾಲೆಯ ಅಂಗಳದಲ್ಲಿ ಚುಕ್ಕೆ ತೋರಿಸುವುದಿತ್ತು. ಸುದ್ದಿ ನಮಗಿಂತ ಮುಂಚೆ ಬಂದು ಕೂತಿತ್ತು. ನಾನು ಕೊಳವೆ ಹಚ್ಚಿದ್ದರಿಂದಲೇ ಹಸ್ತದ ಚುಕ್ಕೆ ಹೆದರಿ ಅಡಗಿದೆ ಎಂದು ಒಬ್ಬರೆಂದರೆ, ದುರ್ಬೀನಿನಲ್ಲಿ ಸೇರಿಸಿಕೊಂಡು ಒಯ್ಯುತ್ತಿದ್ದೇನೆ ಎಂದು ಇನ್ನೊಬ್ಬರು. ಹತ್ತಿರ ಬಂದವರು ಐದಾರು ಜನ ಮಾತ್ರ, ಅವರೂ ಗುರುವನ್ನು ಒಂದು ಕಣ್ಣಲ್ಲಿ, ನನ್ನನ್ನು ಇನ್ನೊಂದು ಕಣ್ಣಲ್ಲಿ ನೋಡಿದರು. ರೊಟ್ಟಿ, ಪುಂಡಿಪಲ್ಲೆ, ಕೆನೆಮೊಸರು ಹಾಕಿ ಉಪಚಾರವನ್ನೇನೋ ಚೆನ್ನಾಗಿಯೇ ಮಾಡಿದರು. ನನಗೆ ಒಂದು ರೊಟ್ಟಿಯೂ ಇಳಿಯಲಿಲ್ಲ. ಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಕುರ್ಚಿ ಆನಿಸಿ ಮಲಗಿದೆ.

ಐದನೆಯ ದಿನ ಕುಷ್ಟಗಿ. ಅಲ್ಲಿಯವರಿಗೆ ಹಸ್ತದ ಚಿಂತೆ ಇರಲಿಲ್ಲ, ಜರ್ಮನಿಯ ವಿಮಾನ ಬಂದರೆ ಇದರಲ್ಲಿ ಮೊದಲೇ ಕಾಣುತ್ತದೆಯೇ ಎಂದು ಕೇಳಿದರು. ಸಂಜೆ ಹೇಗೋ ಕಳೆಯಿತು. ನಿದ್ದೆ ಬರಲಿಲ್ಲ. ಬೆಳಗಿನ ಜಾವ ಇಮಾಮಸಾಬ ನಮಾಜಿಗೆ ಎದ್ದಾಗ ನಾನೂ ಎದ್ದು ಧರ್ಮಶಾಲೆಯ ಮುಂದೆ ಬಂದೆ. ನೆತ್ತಿಯ ಮೇಲೆ ಮೂರು ಚುಕ್ಕೆಗಳ ಸಾಲು ನಿಂತಿತ್ತು. ನಮ್ಮ ಕಡೆ ಅದಕ್ಕೆ ಕೂರಿಗೆ ಎನ್ನುತ್ತಾರೆ. ಇಟಗಿಯ ಗೋಡೆಗೆ ಒರಗಿದ್ದ ಕೂರಿಗೆಗಳು ನೆನಪಾದವು.

ನಮಾಜು ಮುಗಿಸಿ ಇಮಾಮಸಾಬ ಬಂದು ಪಕ್ಕದಲ್ಲಿ ಕೂತ. ಕೇಳುವವರು ಯಾರೂ ಇರಲಿಲ್ಲ, ಭಾಷಣದ ಭಯವಿಲ್ಲ. ಮೂಡಲಿಗೆ ಬೆರಳು ತೋರಿಸಿ, ಅದು ಯಾವುದು ಎಂದ. ಮಘಾ ಎಂದೆ. ಅದರ ಹಿಂದೆ? ಹುಬ್ಬಾ. ಅದರ ಹಿಂದೆ, ನೆಲಕ್ಕೆ ಹತ್ತಿದ ಹಾಗಿರುವುದು? ಉತ್ತರಾ.

"ಅದರ ಹಿಂದ ಬರೂದು ಯಾವುದ್ರಿ?"

ಉತ್ತರಾ ಬೆಳಕಿನಲ್ಲಿ ಕರಗಿತು. ಅದರ ಹಿಂದೆ, ಹಸ್ತ ಬರಬೇಕಾದ ಜಾಗದಲ್ಲಿ, ಸೂರ್ಯ ಎದ್ದ.

ಮಳೆಗೆ ನಕ್ಷತ್ರದ ಹೆಸರು ಹೇಗೆ ಬರುತ್ತದೆ ಎಂದು ನಾನು ಸೀಮೆಸುಣ್ಣ ಹಿಡಿದು ಎಷ್ಟು ಸಲ ಹೇಳಿಲ್ಲ! ಸೂರ್ಯ ಯಾವ ನಕ್ಷತ್ರದ ಮನೆಯಲ್ಲಿರುತ್ತಾನೋ ಆ ಹದಿಮೂರು ಹದಿನಾಲ್ಕು ದಿನದ ಮಳೆಗೆ ಆ ಹೆಸರು. ಸೂರ್ಯನ ಮಗ್ಗುಲಲ್ಲಿರುವ ಚುಕ್ಕೆ ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಹಸ್ತ ಮಳೆಯಲ್ಲಿ ಹಸ್ತ ನಕ್ಷತ್ರ ಕಾಣುವುದು ಸಾಧ್ಯವೇ ಇಲ್ಲ. ಕಾಣಲಿಲ್ಲವೆಂದರೆ ಅದು ಬಂದಿದೆ ಎಂದೇ ಅರ್ಥ. ಮಳೆಗಾಲದ ಮೋಡದಲ್ಲಿ ನಾನೂ ಎಂದೂ ಹುಡುಕಿರಲಿಲ್ಲ, ಅವರೂ ಹುಡುಕಿರಲಿಲ್ಲ. ಹುಡುಕುವಂತೆ ಮಾಡಿದವನು ನಾನು. ಮುಖ ಮುಚ್ಚಿಕೊಂಡು ಕೂತೆ. ಇಮಾಮಸಾಬ ಚಹಾ ತರಲು ಹೋದ.

ಆಗಲೇ ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ಇಷ್ಟರಲ್ಲಿ ಯಾರಾದರೂ ಬಿತ್ತಿರುತ್ತಾರೆ, ಒಕ್ಕಲಿಗರೇನು ಹುಚ್ಚರೇ, ಗಂಗಾವತಿಯಲ್ಲಿ ಜನ ಕಾಯುತ್ತಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ತಾವರಗೇರಿಯ ದಾರಿಯಲ್ಲಿ ಗಂಗಾವತಿಯ ಮೋಟಾರು ಹತ್ತಿದೆ. ಅಂಜುಬುರುಕನಿಗೆ ನೆಪಗಳಿಗೆ ಬರವಿಲ್ಲ. ದಾರಿಯುದ್ದಕ್ಕೂ ಮೂಡಗಾಳಿ ನೆಲದ ಹಸಿ ಹೀರುತ್ತ ಒಣಒಣವಾಗಿ ಬೀಸುತ್ತಿತ್ತು. ಕಿಟಕಿಯ ಆಚೆ ಎಲ್ಲ ಕಡೆ ಬಿತ್ತನೆ ನಡೆದಿತ್ತು.

ಗಂಗಾವತಿಯಲ್ಲಿ ಕಾಲುವೆಯ ನೀರು, ಹಸಿರು ಗದ್ದೆ, ಬೇರೆಯದೇ ಲೋಕ. ಅಕ್ಕಿ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಸಂಜೆಯ ಏರ್ಪಾಡಾಗಿತ್ತು. ಚಹಾ ಕುಡಿಯುತ್ತ ಕೂತಾಗ ಕುಕನೂರಿನಿಂದ ಬಂದ ಒಬ್ಬ ಬೆಲ್ಲದ ವ್ಯಾಪಾರಿ, ನಾನು ಯಾರೆಂದು ತಿಳಿಯದೆ, ಇಟಗಿಯ ಕಥೆ ಹೇಳತೊಡಗಿದ. ನಿನ್ನೆಯವರೆಗೆ ಆ ಊರಿನಲ್ಲಿ ಒಂದು ಕಾಳೂ ಬಿದ್ದಿಲ್ಲ. ಮುದುಕಿ ಪ್ರತಿ ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಾಳೆ. ಗಂಡಸರು ಕೊಳವೆಯ ಮಾಸ್ತರನನ್ನು ಹುಡುಕುತ್ತಿದ್ದಾರೆ.

"ಸಿಕ್ಕರ ಆ ಕೊಳವಿಲೇ ಬಡದು ಚುಕ್ಕಿ ತೋರಸ್ತಾರಂತ," ಎಂದು ನಕ್ಕ.

ಹೊಟ್ಟೆನೋವೆಂದು ಹೇಳಿ ಒಳಗೆ ಹೋಗಿ ಮಲಗಿದೆ. ಒಂದು ಊರಿನ ಇಡೀ ವರ್ಷದ ರೊಟ್ಟಿ ನನ್ನ ಒಂದು ಮಾತಿನಿಂದ ಗೋಡೆಗೆ ಒರಗಿ ನಿಂತಿತ್ತು. ಅದನ್ನು ತೆಗೆಯಲು ಇನ್ನೊಂದು ಮಾತು ಸಾಕು, ಆದರೆ ಅದನ್ನು ಅಲ್ಲಿ ಹೋಗಿ ಹೇಳಬೇಕು.

ಏಳನೆಯ ದಿನ ಬೆಳಿಗ್ಗೆ ಕೊಪ್ಪಳಕ್ಕೆ ಬಂದೆವು. ವಕೀಲರು ಎಲ್ಲ ಕೇಳಿ ಬೆವರಿದರು. ಸೀದಾ ಗದಗಿಗೆ ಹೋಗು, ಅಲ್ಲಿಗೆ ಹೋದರೆ ಕಾಲು ಮುರಿದು ಕೈಗೆ ಕೊಡುತ್ತಾರೆ, ನಾಳೆ ಯಾರನ್ನಾದರೂ ಕಳಿಸಿ ಹೇಳಿಸುತ್ತೇನೆ ಎಂದರು. ನನಗೂ ಅದೇ ಬೇಕಿತ್ತು. ಇಮಾಮಸಾಬ ಸ್ಟೇಷನ್ನಿನವರೆಗೆ ಬಂದು, ದುರ್ಬೀನಿನ ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಎತ್ತಿಟ್ಟು, ಕೆಳಗಿಳಿದು ಸಲಾಮು ಮಾಡಿದ. ಆಮೇಲೆ ಕಿಟಕಿಯ ಹತ್ತಿರ ಬಂದ.

"ಬನ್ನಿಕೊಪ್ಪದಾಗ ಗಾಡಿ ಎರಡ ನಿಮಿಷ ನಿಂದರತೈತ್ರಿ ಸಾಹೇಬ್ರ," ಎಂದ. ಇಟಗಿಗೆ ಹತ್ತಿರದ ಸ್ಟೇಷನ್ನು ಅದು.

ಬನ್ನಿಕೊಪ್ಪದಲ್ಲಿ ಗಾಡಿ ನಿಂತಿತು. ನಾನು ಬಾಗಿಲ ಹತ್ತಿರ ಹೋದೆ, ತಿರುಗಿ ಬಂದು ಕೂತೆ, ಮತ್ತೆ ಹೋದೆ. ಇಳಿದದ್ದು ಗಾಡಿ ಅಲುಗಿದ ಮೇಲೆ. ದುರ್ಬೀನು ಹಲಗೆಯ ಮೇಲೆಯೇ ಉಳಿದು ನನಗಿಂತ ಮುಂಚೆ ಗದಗು ಸೇರಿತು. ಇಟಗಿಗೆ ಅಲ್ಲಿಂದ ಎರಡು ಹರದಾರಿಯಷ್ಟು ದಾರಿ, ಎರಡು ತಾಸಿನ ನಡಿಗೆ. ಬಿಸಿಲಲ್ಲಿ ಬರಿಗೈಯಲ್ಲಿ ನಡೆದೆ. ಎಡಬಲದ ಹೊಲಗಳಲ್ಲಿ ಕೂರಿಗೆಯ ಗೆರೆಗಳು ನೇರವಾಗಿ ಹೋಗಿದ್ದವು. ಇಟಗಿಯ ಸೀಮೆ ಬಂದ ಕೂಡಲೇ ಗೆರೆಗಳು ನಿಂತವು. ಬರೀ ಕಪ್ಪು ನೆಲ, ಮೇಲೆ ಸಣ್ಣ ಸಣ್ಣ ಬಿರುಕು.

ಗುಡಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತಿದ್ದ ಗಂಡಸರು ನನ್ನನ್ನು ಕಂಡು ಎದ್ದು ನಿಂತ ರೀತಿಗೆ ಓಡಿಬಿಡೋಣವೆನ್ನಿಸಿತು. ನೀಲವ್ವ ಕಟ್ಟೆಯ ಮೇಲಿದ್ದಳು. ನಾನು ಅವಳ ಮುಂದೆ ಹೋಗಿ ನಿಂತೆ.

"ಚುಕ್ಕಿ ಬಂದೈತಿ ಯವ್ವಾ. ಸೂರ್ಯಾನ ಮಗ್ಗಲಾಗ ಐತಿ. ಹಗಲಿಗೆ ಹುಟ್ಟಿ ಹಗಲಿಗೆ ಮುಳಗತೈತಿ, ಅದಕ್ಕ ಕಾಣೂದಿಲ್ಲ. ಇದು ನನಗ ಗೊತ್ತಿರಬೇಕಿತ್ತು. ಮರ್ತಿದ್ದೆ."

ಮೊನ್ನೆಯೇ ಯಾಕೆ ಹೇಳಲಿಲ್ಲ ಎಂದು ಒಬ್ಬ ನನ್ನ ರಟ್ಟೆ ಹಿಡಿದು ಕೇಳಿದ. ಮೊನ್ನೆ ತಿಳಿದಿರಲಿಲ್ಲ, ತಿಳಿದ ಮೇಲೆ ಬರಲು ಹೆದರಿದೆ ಎಂದೆ. ಅವನು ರಟ್ಟೆ ಬಿಡಲಿಲ್ಲ. ನೀಲವ್ವ ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನ ಕಡೆ ಬಹಳ ಹೊತ್ತು ನೋಡಿದಳು.

"ಅಂವನ ಜೋಡಿ ಇರೂದಕ್ಕನ ಅದು ಮಳಿ ಚುಕ್ಕಿ ಆತು," ಎಂದಳು. ನನ್ನ ಸಾಲೆಯ ಹುಡುಗರಿಗೆ ಇದು ತಿಳಿಯಲು ಒಂದು ವಾರ ಹಿಡಿಯುತ್ತದೆ. ಆಮೇಲೆ ಆ ಗಂಡಸಿಗೆ, ಬಿಡು ಅವನನ್ನ, ಎತ್ತು ಕಟ್ಟು ಎಂದಳು.

ಹೊಲದಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತು ಮಣ್ಣು ಬಗೆದಳು. ಒಂದು ಗೇಣು ಕೆಳಗೆ ಹೋದ ಮೇಲೆ ಕೈಗೆ ಹಸಿ ಹತ್ತಿತು. ಹಿಡಿ ಮಾಡಿ ಬಿಟ್ಟಳು, ಅರ್ಧ ಉಂಡೆ ನಿಂತಿತು, ಅರ್ಧ ಉದುರಿತು. ಅರ್ಧ ಹಸಿ ಮಾತ್ರ ಉಳಿದಿತ್ತು. ಅವಳು ಉಡಿಯಿಂದ ಜೋಳ ತೆಗೆದು ನನ್ನ ಕೈಗೆ ಹಾಕಿದಳು.

"ಮೊದಲ ಮುಟಿಗಿ ನೀನ ಹಾಕಪಾ. ಹುಟ್ಟಿದ್ರೂ ನಿಂದು, ಹುಟ್ಟದಿದ್ರೂ ನಿಂದು."

ಅಷ್ಟು ದಿನ ನಾನು ಪಟ್ಟ ಹೆದರಿಕೆಯೆಲ್ಲ ಸೇರಿದರೂ ಆ ಒಂದು ಮುಟಿಗೆಯ ಭಾರಕ್ಕೆ ಸಮನಾಗಲಿಲ್ಲ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ನಡೆದೆ. ಒಂದು ಉದ್ದ ಹೋಗಿ ನಿಂತಾಗ ಹಿಂದೆ ಮೂರು ಗೆರೆ ಬಿದ್ದಿದ್ದವು. ಅಲ್ಲಿಗೆ ನೀಲವ್ವ ಎತ್ತು ಬಿಡಿಸಿದಳು. ತನಗಾಗಿ ಕಾದು ಕೆಟ್ಟವರು ಮೊದಲು ಬಿತ್ತಲಿ ಎಂದು ತನ್ನ ಕೂರಿಗೆ, ಎತ್ತುಗಳನ್ನು ಕೂರಿಗೆಯಿಲ್ಲದವರ ಹೊಲಕ್ಕೆ ಕಳಿಸಿದಳು. ಹೊತ್ತು ಮುಳುಗುವವರೆಗೆ ಊರ ಸುತ್ತ ಎತ್ತಿನ ಕೊರಳಗಂಟೆ ಕೇಳುತ್ತಲೇ ಇತ್ತು. ಸೂರ್ಯ ಇಳಿಯುವಾಗ ಅವಳು ಚುಕ್ಕೆ ಎಲ್ಲಿ ಎಂದು ಕೇಳಿದಳು. ಅವನ ಜೊತೆಗೇ ಈಗ ಮುಳುಗುತ್ತಿದೆ, ಕಣ್ಣಿಗೆ ಕಾಣುವುದು ಬೇಸಿಗೆಯಲ್ಲಿ ಎಂದು ಹೇಳಿ ತೋರಿಸಿದೆ. ಅತ್ತ ಕಡೆ ಕೈ ಮುಗಿದಳು. ನಾನೂ ಮುಗಿದೆ.

ಬೆಳಗಿನ ಗಾಡಿಗೆ ಗದಗು ಸೇರಿದೆ. ಅವ್ವ ಮುಖ ನೋಡಿ, ಸತ್ತವರನ್ನು ಕಂಡು ಬಂದೆಯಾ ಎಂದಳು. ಪ್ರತಿದಿನ ಬೆಳಿಗ್ಗೆ ಎದ್ದು ಮೂಡಗಾಳಿ ಬೀಸುತ್ತಿದೆಯೇ ನೋಡುವುದು ನನ್ನ ಕೆಲಸವಾಯಿತು. ಮೋಡ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ವಕೀಲರ ಕಾಗದ ಬಂತು. ಇಟಗಿಯಲ್ಲಿ ಆ ಸಂಜೆ ಬಿತ್ತಿದ ಹೊಲಗಳು ಹುಟ್ಟಿವೆ, ಮರುದಿನ ಬಿತ್ತಿದವು ಅರ್ಧಕ್ಕರ್ಧ ಹುಸಿ. ನೀಲವ್ವ ಎಲ್ಲರಿಗಿಂತ ಕೊನೆಗೆ ಬಿತ್ತಿದಳು. ಅವಳ ಹೊಲದಲ್ಲಿ ಆ ಮೂರು ಸಾಲು ಬಿಟ್ಟು ಬೇರೇನೂ ಇಲ್ಲ. ವಕೀಲರು ತಾವೇ ಹೋಗಿ ನೋಡಿದರಂತೆ. ಕೊನೆಯಲ್ಲಿ ಅವಳ ಮಾತನ್ನು ಅವಳು ಆಡಿದಂತೆಯೇ ಬರೆದಿದ್ದರು. "ಮಾಸ್ತರಗ ಹೇಳ್ರಿ. ಬ್ಯಾಸಿಗ್ಯಾಗ ಕಾಣತೈತಿ ಅಂದ್ರ, ಬ್ಯಾಸಿಗ್ಯಾಗ ಬಂದು ತೋರಸಲಿ."

ಯುಗಾದಿಗೆ ಇನ್ನು ಒಂದು ವಾರ. ದುರ್ಬೀನನ್ನು ಒರೆಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿನ್ನೆ ಸಂಜೆ ಊಟವಾದ ಮೇಲೆ ಮಾಳಿಗೆ ಹತ್ತಿ ಮೂಡಲಿಗೆ ನೋಡಿದೆ. ಹಸ್ತ ಎದ್ದಿತ್ತು, ಐದೂ ಚುಕ್ಕೆ, ಯಾವುದೂ ಕಡಿಮೆಯಿಲ್ಲ. ಬನ್ನಿಕೊಪ್ಪಕ್ಕೆ ಟಿಕೀಟು ತೆಗೆಸಬೇಕು. ಬೆಳಿಗ್ಗೆಯಿಂದ ಎರಡು ಸಲ ಸ್ಟೇಷನ್ನಿನವರೆಗೆ ಹೋಗಿ ತಿರುಗಿ ಬಂದಿದ್ದೇನೆ.